ಹೆಚ್ಚುವರಿ ಮುತ್ತಜ್ಜ

ನಮ್ಮ ಕುಟುಂಬದಲ್ಲಿ ಯಾರದೇ ಮದುವೆಯಾಗಲಿ, ಹಿಂದಿನ ದಿನ ರೋಸ್ ಶಾಸ್ತ್ರಕ್ಕೆ ತೆಂಗಿನಹಾಲು ಹಿಂಡುವ ಹೊತ್ತಿಗೆ ದೊಡ್ಡತ್ತೆ ಮುತ್ತಜ್ಜನ ಕಥೆ ತೆಗೆಯುತ್ತಾರೆ. ಮುತ್ತಜ್ಜನ ಹೆಸರು ಲೊರ್ಸ್. ಊರಿನವರ ತೀರ್ವೆ ತಕರಾರಿನ ಬಗ್ಗೆ ಕಲೆಕ್ಟರನಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದದ್ದು ಅವನಂತೆ. ಅದನ್ನು ಓದಿದ ದೊರೆ ಕುರ್ಚಿಯಿಂದ ಎದ್ದು ನಿಂತನಂತೆ. ನಾನು ಚಿಕ್ಕವನಿದ್ದಾಗ ದೊರೆ ಬರೀ ಎದ್ದು ನಿಂತಿದ್ದ. ನನ್ನ ಮದುವೆಯ ಹೊತ್ತಿಗೆ ಹ್ಯಾಟು ತೆಗೆದಿದ್ದ. ನನ್ನ ಮಗಳ ಮದುವೆಯಲ್ಲಿ ಕೈಕುಲುಕಿದ. ಇನ್ನೊಂದೆರಡು ಮದುವೆ ಕಳೆದರೆ ಕಾಲಿಗೆ ಬೀಳುವ ಅಪಾಯ ಕಂಡದ್ದರಿಂದ, ಬ್ಯಾಂಕಿನಿಂದ ನಿವೃತ್ತನಾದ ಮಾರನೆಯ ತಿಂಗಳೇ ನಾನು ಇಗರ್ಜಿಯ ಹಳೆಯ ದಾಖಲೆ ನೋಡಿ ಸತ್ಯ ತಿಳಿಯಲು ಹೊರಟೆ.

ವಿಗಾರರು ಒಳ್ಳೆಯವರು. ಚಹಾ ತರಿಸಿದರು. "ಯಾರನ್ನು ಹುಡುಕಬೇಕು?" ಎಂದರು.

"ಲೊರ್ಸ್ ಡಿಸೋಜ."

ಅವರು ಚಹಾದ ಕಪ್ಪು ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. ನಮ್ಮ ದಕ್ಷಿಣ ಕನ್ನಡದ ಇಗರ್ಜಿಯಲ್ಲಿ ಡಿಸೋಜನನ್ನು ಹುಡುಕುವುದು ತೆಂಗಿನ ತೋಟದಲ್ಲಿ ತೆಂಗಿನಮರ ಹುಡುಕಿದ ಹಾಗೆ. ಗೋವದಲ್ಲಿ ಮತಾಂತರ ನಡೆದ ಕಾಲದಲ್ಲಿ ಜ್ಞಾನಸ್ನಾನ ಕೊಟ್ಟ ಪಾದ್ರಿಯದೋ ಸಾಕ್ಷಿ ನಿಂತ ಪೋರ್ತುಗೀಸನದೋ ಅಡ್ಡಹೆಸರು ಹೊಸ ಕ್ರೈಸ್ತನಿಗೆ ಬರುತ್ತಿತ್ತು. ಹಾಗಾಗಿ ರಕ್ತಸಂಬಂಧವೇ ಇಲ್ಲದ ಸಾವಿರಾರು ಡಿಸೋಜರು, ಪಿಂಟೊಗಳು, ಲೋಬೊಗಳು ಹುಟ್ಟಿಕೊಂಡರು. ಅವರಲ್ಲಿ ಎಷ್ಟೋ ಮಂದಿ ಬರಬರುತ್ತಾ ಗೋವ ಬಿಟ್ಟು ಕೆನರಾಕ್ಕೆ ಇಳಿದರು, ಇಳಿಯುವಾಗ ಅಡ್ಡಹೆಸರನ್ನೂ ಹೊತ್ತು ತಂದರು. ಇಲ್ಲಿ ನಮ್ಮನ್ನು ಬೇರೆ ಬೇರೆ ಮಾಡುವುದು ಮನೆಯ ಹೆಸರು ಮಾತ್ರ: ಬೆಟ್ಟು, ಪಡ್ಪು, ಗುತ್ತು, ಕೋಡಿ. ನಮ್ಮದು ಕೆಂಜಾರ್.

ಕಪಾಟಿನ ಬಾಗಿಲು ತೆರೆದಾಗ ಮಳೆಗಾಲದ ವಾಸನೆ ಹೊರಗೆ ಬಂತು. ತೊಗಲಿನ ಬೆನ್ನು ಕಿತ್ತುಹೋದ ಉದ್ದುದ್ದ ಪುಸ್ತಕಗಳು. ಶಾಯಿ ಕಂದಾಗಿ ಕೆಲವು ಕಡೆ ಕಾಗದವನ್ನೇ ತಿಂದು ತೂತು ಮಾಡಿದೆ, ಉಳಿದದ್ದನ್ನು ಬೆಳ್ಳಿಹುಳು ತಿಂದಿದೆ. ಇವೆಲ್ಲ ಶುರುವಾದದ್ದು ಯುರೋಪಿನ ಟ್ರೆಂಟ್ ಎಂಬ ಊರಿನಲ್ಲಿ. ಅಲ್ಲಿ ನಡೆದ ಮಹಾಸಭೆ 1563ರಲ್ಲಿ, ಪ್ರತಿ ಪಾದ್ರಿಯೂ ಮದುವೆಗೊಂದು, ಜ್ಞಾನಸ್ನಾನಕ್ಕೊಂದು ಪುಸ್ತಕ ಇಡತಕ್ಕದ್ದು ಎಂದು ವಿಧಿಸಿತು. ಯಾರು ಯಾರನ್ನು ಗುಟ್ಟಾಗಿ ಮದುವೆಯಾಗಿ ಆಮೇಲೆ ಇಲ್ಲ ಅನ್ನುತ್ತಾರೆ ಎಂಬ ತಲೆನೋವಿಗೆ ಅದು ಮದ್ದು. 1614ರಲ್ಲಿ ಬಂದ ರೋಮನ್ ವಿಧಿಪುಸ್ತಕ ಲೆಕ್ಕವನ್ನು ಐದಕ್ಕೆ ಏರಿಸಿತು: ಜ್ಞಾನಸ್ನಾನ, ದೃಢೀಕರಣ, ಮದುವೆ, ಸಾವು, ಮತ್ತು ಊರಿನ ಆತ್ಮಗಳ ಪಟ್ಟಿ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ನೋಡಿದವನಿಗೆ ಇದೆಂಥ ಮಹಾ ಕೆಲಸ ಎಂದುಕೊಂಡು ಕನ್ನಡಕ ಏರಿಸಿದೆ.

ಲೆಡ್ಜರು ಲ್ಯಾಟಿನಿನಲ್ಲಿತ್ತು.

ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಇಂಗ್ಲಿಷ್ ಆಡಿಕೊಂಡು ಬಂದ ನನಗೆ ಐದನೆಯದಕ್ಕೆ ಜಾಗವಿರಲಿಲ್ಲ. ಮೊದಲ ಮೂರು ವಾರ ನಾನು 'ಲೊರ್ಸ್' ಎಂಬ ಹೆಸರನ್ನೇ ಹುಡುಕಿದೆ. ಇಡೀ ಶತಮಾನದಲ್ಲಿ ಒಬ್ಬನೂ ಸಿಕ್ಕಲಿಲ್ಲ. ಆಮೇಲೆ ವಿಗಾರರೇ ಹೇಳಿದರು: ಮನೆಯಲ್ಲಿ ಲೊರ್ಸ್ ಆದವನು ಪುಸ್ತಕದಲ್ಲಿ ಲಾವ್ರೆಂತಿಯುಸ್. ಪೆದ್ರು ಅಂದರೆ ಪೆತ್ರುಸ್, ಜುವಾಂವ್ ಅಂದರೆ ಯೊವಾನ್ನೆಸ್, ಬಸ್ತ್ಯಾಂವ್ ಅಂದರೆ ಸೆಬಾಸ್ತಿಯಾನುಸ್. ಬದುಕಿದ್ದಾಗ ಮುಂಡು ಉಟ್ಟು ಕೊಟ್ಟಿಗೆಯ ಗೊಬ್ಬರ ಹೊತ್ತ ನಮ್ಮವರೆಲ್ಲ ಪುಸ್ತಕದೊಳಗೆ ರೋಮಿನ ಸೆನೆಟರುಗಳ ಹಾಗೆ ಕುಳಿತಿದ್ದಾರೆ.

ಇಷ್ಟೇ ಆಗಿದ್ದರೆ ಆಗಿತ್ತು. 1878ರ ಡಿಸೆಂಬರ್ 31ರಂದು ಜೆಸ್ವಿತ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು, ಇಟಲಿಯಿಂದ. ನಮ್ಮ ಪುಸ್ತಕದಲ್ಲೂ ಅಂಥದೊಂದು ಕೈಬರಹ. ತುಳು ಮನೆಹೆಸರನ್ನು ಇಟಾಲಿಯನ್ ಕಿವಿಯಿಂದ ಕೇಳಿ ಲ್ಯಾಟಿನ್ ಪುಟದ ಮೇಲೆ ಬರೆದರೆ ಏನಾಗಬೇಕೋ ಅದೇ ಆಗಿದೆ. ಸಿ, ಎಚ್, ಇ, ಎನ್, ಜಿ, ಐ, ಎ, ಆರ್ ಎಂದು ಬರೆದ ಒಂದು ಮನೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಚೆಂಗಿಯಾರ್! ಎಲ್ಲಿಯದಪ್ಪ ಈ ಚೆಂಗಿಯಾರ್, ತಮಿಳುನಾಡಿನ ಕಡೆಯದಿರಬೇಕು ಎಂದುಕೊಂಡು ಪುಟ ತಿರುವುತ್ತಿದ್ದೆ. ಇಟಲಿಯವನ ಬಾಯಲ್ಲಿ 'ಚೆ' ಬರೆದದ್ದು 'ಕೆ', 'ಗಿಯಾ' ಬರೆದದ್ದು 'ಜಾ'. ಅದು ನಮ್ಮ ಕೆಂಜಾರ್. ನನ್ನ ಸ್ವಂತ ಮನೆಯನ್ನು ನಾನು ಹತ್ತೊಂಬತ್ತು ಸಲ ದಾಟಿ ಹೋಗಿದ್ದೆ.

ಆಮೇಲೆ ಸಿಕ್ಕಿದ. ಲಾವ್ರೆಂತಿಯುಸ್ ಮತ್ತು ಕಥರೀನಾ ದಂಪತಿಯ ಔರಸ ಪುತ್ರ, ನನ್ನ ಅಜ್ಜ. ಹುಟ್ಟಿದ್ದು 1888ರಲ್ಲಿ, ತಾರೀಖು 21, ತಿಂಗಳ ಜಾಗದಲ್ಲಿ ಎಂಟರ ಅಂಕಿ ಬರೆದು ಮುಂದೆ 'ಬ್ರಿಸ್' ಎಂದಿತ್ತು. ಎಂಟು ಅಂದರೆ ಆಗಸ್ಟು. ಸಂತೋಷದಿಂದ ಮದುವೆಯ ಪುಸ್ತಕ ತೆಗೆದೆ. ಲಾವ್ರೆಂತಿಯುಸ್ ಮತ್ತು ಕಥರೀನಾರ ಮದುವೆ ಅದೇ 1888ರ ಜನವರಿ 16ಕ್ಕೆ ಆಗಿತ್ತು.

ಬೆರಳು ಮಡಚಿ ಎಣಿಸಿದೆ. ಏಳು ತಿಂಗಳು.

ಆ ರಾತ್ರಿ ಹೆಂಡತಿಗೆ ಮಾತ್ರ ಹೇಳಿದೆ. ಬೆಳಗಾಗುವಷ್ಟರಲ್ಲಿ ದುಬೈಯ ನಾದಿನಿಗೆ ಗೊತ್ತಾಗಿತ್ತು, ಮಧ್ಯಾಹ್ನಕ್ಕೆ ಟೊರಾಂಟೊದ ಸೋದರಳಿಯನಿಗೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿಗಳು ನಿಂತುಹೋದವು. ದೊಡ್ಡತ್ತೆ ಫೋನಿನಲ್ಲಿ, "ಏಳು ತಿಂಗಳಿಗೆ ಮಕ್ಕಳು ಹುಟ್ಟುವುದಿಲ್ಲವಾ? ನೀನೇ ಎಂಟಕ್ಕೆ ಹುಟ್ಟಿದವನು!" ಎಂದು ಹೊಸದೊಂದು ಗುಟ್ಟು ಒಡೆದು ಫೋನಿಟ್ಟರು. ನೂರಿಪ್ಪತ್ತು ವರ್ಷ ಮಾನದಿಂದ ಸತ್ತು ಮಲಗಿದ್ದ ಮುತ್ತಜ್ಜಿಯ ಮರ್ಯಾದೆಯನ್ನು ನಾನು ಒಂದೇ ದಿನದಲ್ಲಿ ಮೂರು ದೇಶಗಳಲ್ಲಿ ಹರಾಜು ಹಾಕಿದ್ದೆ.

ಅವಳನ್ನು ಉಳಿಸಿದವರು ಒಬ್ಬ ಮುದಿ ಪಾದ್ರಿ. ಅದೇ ಇಗರ್ಜಿಯಲ್ಲಿ ವಿಶ್ರಾಂತಿಗೆಂದು ಇದ್ದರು. ನಾನು ಬರೆದುಕೊಂಡದ್ದನ್ನು ಓದಿ ಗಹಗಹಿಸಿ ನಕ್ಕರು. ರೋಮನರ ವರ್ಷ ಹಿಂದೆ ಮಾರ್ಚಿನಿಂದ ಶುರುವಾಗುತ್ತಿತ್ತು. ಅವರ ಎಂಟನೆಯ ತಿಂಗಳು ಒಕ್ತೋಬರ್, ಒಕ್ತೋ ಅಂದರೇ ಎಂಟು. ಬರೆಯಲು ಸೋಮಾರಿಯಾದ ಗುಮಾಸ್ತರು ಏಳು ಹಾಕಿ ಸೆಪ್ಟೆಂಬರ್, ಎಂಟು ಹಾಕಿ ಅಕ್ಟೋಬರ್, ಒಂಬತ್ತು ಹಾಕಿ ನವೆಂಬರ್ ಮಾಡಿ ಮುಗಿಸುತ್ತಿದ್ದರು. ಮತ್ತೆ ಬೆರಳು ಮಡಚಿದೆ. ಜನವರಿ 16ರಿಂದ ಅಕ್ಟೋಬರ್ 21. ಒಂಬತ್ತು ತಿಂಗಳು ಐದು ದಿನ. ಈ ಲೆಕ್ಕವನ್ನು ಗುಂಪಿನಲ್ಲಿ ಹಾಕಿದೆ. ಯಾರೂ ಉತ್ತರಿಸಲಿಲ್ಲ. ಒಬ್ಬರು ಮಾತ್ರ ಹೆಬ್ಬೆರಳು ಒತ್ತಿದರು. ಆರೋಪಕ್ಕೆ ಇರುವ ಓಟ ಖುಲಾಸೆಗೆ ಇಲ್ಲ.

ಅಜ್ಜನ ಹೆಸರಿನ ಪಕ್ಕದ ಅಂಚಿನಲ್ಲಿ ಬೇರೆ ಶಾಯಿಯ ಒಂದು ಸಾಲು ಇತ್ತು, ಅಜ್ಜಿಯ ಹೆಸರು ಮತ್ತು ಅವಳ ಊರಿನ ಇಗರ್ಜಿಯ ಹೆಸರು. 1908ರಿಂದ ಬಂದ ನಿಯಮ ಅದು. ಮದುವೆ ಎಲ್ಲಿಯೇ ಆಗಲಿ, ಅಲ್ಲಿನ ಪಾದ್ರಿ ವಧೂವರರು ಜ್ಞಾನಸ್ನಾನ ಪಡೆದ ಇಗರ್ಜಿಗೆ ತಿಳಿಸಬೇಕು, ಅಲ್ಲಿ ಹಳೆಯ ಪುಟದ ಅಂಚಿನಲ್ಲಿ ಅದು ಸೇರಬೇಕು. ಎರಡು ಕಡೆ ಎರಡು ಮದುವೆ ಮಾಡಿಕೊಳ್ಳುವ ಚಾಲಾಕಿಗಳನ್ನು ಹಿಡಿಯಲು ಮಾಡಿದ್ದು. ನನ್ನಂಥವನಿಗೆ ಅಜ್ಜಿಯ ತವರಿನ ದಾರಿ ತೋರಿಸಲು ಒದಗಿತು. ಅಂಚು ಓದದವನು ಈ ಪುಸ್ತಕಗಳನ್ನು ಮುಟ್ಟಬಾರದು.

ಹಿಂದಕ್ಕೆ ಹೋಗುವ ಆಸೆ ದೊಡ್ಡತ್ತೆಯದು. ಅವರ ಪ್ರಕಾರ ನಾವು ಮೂಲತಃ ಗೋವದ ಕಾಮತರು, ದೇವಸ್ಥಾನವಿದ್ದವರು. ದಾಖಲೆ ತಂದುಕೊಡು ಎಂದರು. ಎಲ್ಲಿಂದ ತರಲಿ? 1784ರ ಬೂದಿ ಬುಧವಾರ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಹೊಸ್ಪೆಟ್ ಇಗರ್ಜಿ ಚೌಟರಸರ ದಾಕ್ಷಿಣ್ಯದಿಂದ ಉಳಿಯಿತು. ಉಳಿದ ಕಡೆ ಗೋಡೆಯೇ ನಿಲ್ಲದ ಮೇಲೆ ಪುಸ್ತಕ ನಿಂತೀತೆ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಮರಳಿ ಬಂದು, ಮೊದಲು ಮನೆಗೆ ಮಾಡು ಹೊದೆಸಿ, ಆಮೇಲೆ ಇಗರ್ಜಿ ಕಟ್ಟಿ, ಆಮೇಲೆ ಪುಸ್ತಕ ತೆರೆದರು. ನಮ್ಮ ಕಡೆಯ ಬಹುತೇಕ ವಂಶಾವಳಿಗಳು ಆ ಗೋಡೆಗೆ ಬಂದು ತಲೆ ಬಡಿದುಕೊಂಡು ನಿಲ್ಲುತ್ತವೆ. ಡಾ. ಮೈಕೆಲ್ ಲೋಬೊ ಅವರಂಥವರು ವರ್ಷಗಟ್ಟಲೆ ಕುಳಿತು ಮಂಗಳೂರಿನ ನೂರಾರು ಕುಟುಂಬಗಳ ವಂಶವೃಕ್ಷ ಬಿಡಿಸಿದ್ದಾರೆ. ನಾನು ಒಬ್ಬ ಲೊರ್ಸನಲ್ಲೇ ಸುಸ್ತಾದೆ.

ಯಾಕೆಂದರೆ ಆ ಮದುವೆಯ ಪುಟವನ್ನು ನಾನು ಸರಿಯಾಗಿ ನೋಡಿರಲಿಲ್ಲ. ಎರಡನೆಯ ಸಲ ಭೂತಗನ್ನಡಿ ಹಿಡಿದು ನೋಡಿದರೆ ಕೊನೆಯಲ್ಲಿ ವರನ ಸಹಿಯ ಜಾಗದಲ್ಲಿ ಒಂದು ಶಿಲುಬೆ. ಎರಡು ಗೀಟು, ಅಡ್ಡದ್ದು ಸ್ವಲ್ಪ ಓರೆ. ಪಕ್ಕದಲ್ಲಿ ಪಾದ್ರಿಯ ಕೈಬರಹ: ಇದು ಲಾವ್ರೆಂತಿಯುಸನ ಗುರುತು. ಕಲೆಕ್ಟರನನ್ನು ಎಬ್ಬಿಸಿ ನಿಲ್ಲಿಸಿದ ಮಹಾನುಭಾವನಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ.

ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ನೇರ ದೊಡ್ಡತ್ತೆಯ ಮನೆಗೆ ಹೋದೆ. ಗೆದ್ದ ಸಂತೋಷ ಮುಖದಲ್ಲಿ ಕಾಣದಂತೆ ಬಹಳ ಪ್ರಯತ್ನಪಟ್ಟೆ. ಅವರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಹಣೆಗೆ ಒತ್ತಿಕೊಂಡರು. "ನೋಡು, ಎಂಥ ದೈವಭಕ್ತ! ತನ್ನ ಹೆಸರು ಬರೆಯುವ ಜಾಗದಲ್ಲೂ ಶಿಲುಬೆಯನ್ನೇ ಬರೆದಿದ್ದಾನೆ."

ಇಂಥವರ ಜೊತೆ ಸಂಶೋಧನೆ ಮಾಡುವುದು ಹೇಗೆ?

ಅತ್ತೆಯ ಅದೃಷ್ಟ ಇನ್ನೂ ದೊಡ್ಡದಿತ್ತು. ಸಾವಿನ ಪುಸ್ತಕ ತೆಗೆದಾಗ ಒಬ್ಬ ಲಾವ್ರೆಂತಿಯುಸ್ ಡಿಸೋಜ ಸತ್ತ, ಸರಿ. ಆರು ವರ್ಷ ಬಿಟ್ಟು ಅವನೇ ಇನ್ನೊಂದು ಸಲ ಸತ್ತ. ಇಬ್ಬರಿಗೂ ವಯಸ್ಸು 'ಸುಮಾರು ಅರುವತ್ತು'. ಆ ಪುಸ್ತಕದಲ್ಲಿ ಎಲ್ಲರೂ ಸುಮಾರಾಗಿಯೇ ಸಾಯುತ್ತಾರೆ, ಅದೂ ಸೊನ್ನೆಯಿಂದ ಕೊನೆಯಾಗುವ ವಯಸ್ಸಿನಲ್ಲಿ. ಇಬ್ಬರ ಹೆಂಡತಿಯ ಹೆಸರೂ ಕಥರೀನಾ. ಬೆವರುತ್ತಾ ಮದುವೆಯ ಪುಸ್ತಕಕ್ಕೆ ಮರಳಿದೆ. 1887ರ ಜನವರಿಯಲ್ಲೂ ಒಬ್ಬ ಲಾವ್ರೆಂತಿಯುಸ್ ಒಬ್ಬಳು ಕಥರೀನಾಳನ್ನು ಮದುವೆಯಾಗಿದ್ದ. ಅವನ ಸಹಿ ಇತ್ತು, ಇಂಗ್ಲಿಷಿನಲ್ಲಿ, ಕೊನೆಯ ಅಕ್ಷರದ ಬಾಲ ಹಾವಿನ ಹಾಗೆ ಸುತ್ತಿ ಕೆಳಗೆ ಎರಡು ಗೆರೆ ಎಳೆದದ್ದು. ಕಲೆಕ್ಟರ್ ಎದ್ದು ನಿಲ್ಲಬೇಕಾದಂಥ ಸಹಿ. ಮದುವೆಯ ಎರಡೂ ನಮೂದುಗಳಲ್ಲಿ ಮನೆಹೆಸರಿಲ್ಲ. ಅಜ್ಜನ ಜ್ಞಾನಸ್ನಾನದಲ್ಲಿ ಕೆಂಜಾರ್ ಇದೆ, ಆದರೆ ಅವನ ಅಪ್ಪ ಯಾವ ಲೊರ್ಸ್ ಎಂಬುದಿಲ್ಲ. ಮುತ್ತಜ್ಜಿಯ ಏಳು ತಿಂಗಳ ಹಗರಣ ಯಾರದೋ ಮನೆಯ ಹೆಂಗಸಿನ ಲೆಕ್ಕವಾಗಿದ್ದರೂ ಇರಬಹುದು.

ಸಮಾಧಿ ಕಲ್ಲಾದರೂ ಹೇಳೀತು ಎಂದು ಇಗರ್ಜಿಯ ಹಿಂದಿನ ಸ್ಮಶಾನಕ್ಕೆ ಹೋದೆ. ಮುರಕಲ್ಲಿನ ಗೋಡೆಗೆ ಪಾಚಿ ಕಟ್ಟಿತ್ತು. ಮುಂದಿನ ಸಾಲಿನಲ್ಲಿ ಕಪ್ಪು ಗ್ರಾನೈಟಿನ ಖಾಸಗಿ ಸಮಾಧಿಗಳು, ಎಲ್ಲ ಗಲ್ಫ್ ಹಣ ಬಂದ ಮೇಲಿನವು. ಹಳೆಯವರು ಎಲ್ಲಿ ಎಂದು ಗುಂಡಿ ತೋಡುವವನನ್ನು ಕೇಳಿದೆ.

"ಹಳೆಯವರು ಇರುವುದಿಲ್ಲ ಮಾರಾಯ್ರೆ. ಜಾಗ ಎಲ್ಲಿ ಉಂಟು? ಕೆಲವು ವರ್ಷ ಆದ ಮೇಲೆ ಅದೇ ಗುಂಡಿ ಇನ್ನೊಬ್ಬರಿಗೆ. ಎಲುಬು ಅಲ್ಲಿ" ಎಂದು ಮೂಲೆಯ ಒಂದು ಬಾವಿ ತೋರಿಸಿದ. ಸಿಮೆಂಟಿನ ಮುಚ್ಚಳ, ಮೇಲೊಂದು ಚಿಕ್ಕ ಶಿಲುಬೆ, ಕಳೆದ ನವೆಂಬರ್ 2ರ ಸಕಲ ಮೃತರ ದಿನ ಯಾರೋ ಹಚ್ಚಿದ ಮೇಣದ ಬತ್ತಿಯ ಕಲೆ.

ನಾನು ಇಬ್ಬರು ಲೊರ್ಸರ ಕಥೆ ಹೇಳಿದೆ. ಅವನು ಹಾರೆಗೆ ಒರಗಿ ಪೂರ್ತಿ ಕೇಳಿದ. "ಇಬ್ಬರೂ ಇದರಲ್ಲೇ ಉಂಟು. ಅವರಿಗೆ ಎಂತ ಗಡಿಬಿಡಿ ಇಲ್ಲ" ಎಂದ.

ದೊಡ್ಡತ್ತೆಗೂ ಇಲ್ಲ. ಹಾವಿನ ಬಾಲದ ಸಹಿಯನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿ, ಅಲ್ತಾರಿನ ಪಕ್ಕ ತೂಗುಹಾಕಿದ್ದಾರೆ. ಕಳೆದ ಮದುವೆಯಲ್ಲಿ ಕಲೆಕ್ಟರ್ ಮುತ್ತಜ್ಜನನ್ನು ಊಟಕ್ಕೆ ಕರೆದ. ನನಗೋ, ಆ ಓರೆ ಶಿಲುಬೆಯವನ ಮೇಲೆ ಮನಸ್ಸು. ಪೆನ್ನು ಹಿಡಿದು ಅಭ್ಯಾಸವಿಲ್ಲದ ಕೈ ಮದುವೆಯ ದಿನ ಎಷ್ಟು ನಡುಗಿರಬೇಕು. ಹೀಗಾಗಿ ನವೆಂಬರ್ 2ಕ್ಕೆ ನಮ್ಮ ಮನೆಯಿಂದ ಎರಡು ಬತ್ತಿ ಹೋಗುತ್ತದೆ.

ಕೆಂಜಾರ್, ಬಜ್ಪೆ ಆಸುಪಾಸಿನ ಡಿಸೋಜರಲ್ಲಿ ಯಾರಿಗಾದರೂ ಒಬ್ಬ ಮುತ್ತಜ್ಜ ಕಡಿಮೆ ಬಿದ್ದಿದ್ದರೆ, ಹೆಂಡತಿಯ ಹೆಸರು ಕಾತ್ರಿನ್ ಆಗಿದ್ದರೆ, ದಯವಿಟ್ಟು ತಿಳಿಸಿ. ನಮ್ಮಲ್ಲಿ ಒಬ್ಬ ಹೆಚ್ಚಿಗೆ ಇದ್ದಾನೆ. ಶಿಲುಬೆಯವನನ್ನು ಬೇಕಾದರೆ ಮಾತಾಡಿ ಬಿಟ್ಟುಕೊಡೋಣ. ಸಹಿಯವನನ್ನು ಕೇಳುವುದಿದ್ದರೆ ದೊಡ್ಡತ್ತೆಯ ಹತ್ತಿರ ನೀವೇ ಮಾತಾಡಬೇಕು.