ಎಳೆದರೆ ತಿರುಗೋದಲ್ಲ ವಿಮಾನ

ಭಟ್ರೇ, ರಾತ್ರಿ ಹೊತ್ತು ನಮ್ಮ ಮನೆ ಕಡೆಯಿಂದ ಮೋಟರ್ ಸದ್ದು ಬರುತ್ತೆ ಅಂತಿದ್ರಲ್ಲ, ಅದು ಮೆಸರ್‌ಶ್ಮಿಟ್ 109. ಎರಡನೇ ಮಹಾಯುದ್ಧದ ಜರ್ಮನ್ ವಿಮಾನ, ನಮ್ಮ ಕಂಪ್ಯೂಟರಿನೊಳಗೆ ಹಾರ್ತಿದೆ. ನಿಮ್ಮ ಹುಡುಗನೂ ಅದನ್ನೇ ಹಿಡ್ಕೊಂಡಿದ್ದಾನಂತೆ. ಮೇಲೆ ಹಾರಿದ ಐದು ನಿಮಿಷಕ್ಕೆ ಹೊಡೆಸ್ಕೊಂಡು ಬೀಳ್ತೀನಿ ಅಂಕಲ್ ಅಂತ ಮೊನ್ನೆ ಗೇಟಿನ ಹತ್ರ ನಿಂತು ಬೇಜಾರು ಮಾಡ್ಕೊಂಡ. ಅವನ ಕೈಯಿಂದ ಅದನ್ನ ಬಿಡಿಸಬೇಡಿ. ಕಲಿಯೋ ಅಷ್ಟು ಇದೆ ಅದರಲ್ಲಿ.

ನಾನು ಶುರು ಮಾಡಿದ್ದು ಐಎಲ್-2 ಸ್ಟುರ್ಮೋವಿಕ್ ಅನ್ನೋ ಆಟದಲ್ಲಿ. 2001ರಲ್ಲಿ ಬಂತು, ರಷ್ಯಾದ ಒಲೆಗ್ ಮ್ಯಾಡಾಕ್ಸ್ ಅವರ ತಂಡ ಮಾಡಿದ್ದು. ಮೊದಲ ವಾರ ನೆಲ ಬಿಟ್ಟು ಏಳೋದೇ ಆಗಲಿಲ್ಲ. ಥ್ರಾಟಲ್ ಮುಂದಕ್ಕೆ ತಳ್ಳಿದ ಕೂಡಲೇ ಮೂತಿ ಎಡಕ್ಕೆ ಹೊರಳಿ ಹುಲ್ಲಿಗೆ ಇಳಿಯೋದು. ಆಟದ್ದೇ ತಪ್ಪು ಅಂದ್ಕೊಂಡಿದ್ದೆ. ತಪ್ಪಲ್ಲ, ನಿಜವಾದ ವಿಮಾನವೂ ಹಾಗೇ. ಮುಂದಿನ ಫ್ಯಾನ್ ಎಬ್ಬಿಸೋ ಗಾಳಿ ಸುರುಳಿ ಸುತ್ತಿಕೊಂಡು ಹೋಗಿ ಬಾಲದ ಎಡ ಮಗ್ಗುಲಿಗೆ ಬಡಿಯುತ್ತೆ, ಬಾಲ ಬಲಕ್ಕೆ ಸರಿಯುತ್ತೆ, ಮೂತಿ ಎಡಕ್ಕೆ ಹೋಗುತ್ತೆ. ಮೂತಿ ಹೊರಳಿದ್ದು ಕಂಡ ಮೇಲೆ ಬಲಗಾಲಲ್ಲಿ ರಡ್ಡರ್ ಒತ್ತಿದರೆ ತಡವಾಯ್ತು. ಥ್ರಾಟಲ್ ಜೊತೆಗೇ ಕಾಲೂ ಹೋಗಬೇಕು. ಸೈಕಲ್ ಕಲಿಯುವಾಗ ಹ್ಯಾಂಡಲ್ ಕಡೆ ಗಮನ ಹೋಗೋದು ನಿಂತ ದಿನ ಬ್ಯಾಲೆನ್ಸ್ ಬಂತಲ್ಲ, ಹಾಗೆ.

ಹುಡುಗರು ಬೀಳೋದು ಮಾತ್ರ ತಿರುವಿನಲ್ಲಿ. ಶತ್ರು ಹಿಂದೆ ಬಿದ್ದ ಅಂತ ಸ್ಟಿಕ್ಕನ್ನ ಹೊಟ್ಟೆಗೆ ಎಳ್ಕೊಂಡು ಬಿಡ್ತಾರೆ. ಎಳೆದಷ್ಟೂ ಬೇಗ ತಿರುಗುತ್ತೆ ಅಂತ ನಂಬಿಕೆ. ಎತ್ತರ ಕಳ್ಕೊಳ್ಳದೆ 60 ಡಿಗ್ರಿ ಓರೆಯಾಗಿ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟಾಗುತ್ತೆ ಭಟ್ರೇ. ಸೀದಾ ಹಾರುವಾಗ ಗಂಟೆಗೆ 150 ಕಿಲೋಮೀಟರಿಗೆ ಸ್ಟಾಲ್ ಆಗೋ ವಿಮಾನ ಆಗ 212ಕ್ಕೇ ಸ್ಟಾಲ್ ಆಗುತ್ತೆ. ಸ್ಟಾಲ್ ಅಂದ್ರೆ ರೆಕ್ಕೆ ಮೇಲಿನ ಗಾಳಿ ಕಿತ್ತುಹೋಗಿ, ಒಂದು ಮಗ್ಗುಲು ದೊಪ್ಪನೆ ಕುಸಿಯುತ್ತೆ.

ಅದಕ್ಕೂ ಮುಂಚೆ 109 ಹೇಳುತ್ತೆ, ಕೇಳಿಸ್ಕೊಬೇಕು ಅಷ್ಟೆ. ಅದರ ರೆಕ್ಕೆಯ ಮುಂದಿನ ಅಂಚಿನಲ್ಲಿ ಸ್ಲ್ಯಾಟ್ ಅಂತ ಒಂದು ಉದ್ದನೆ ಪಟ್ಟಿ ಇದೆ. ಪೈಲಟ್ ಮುಟ್ಟೋದಿಲ್ಲ, ಗಾಳಿಯ ಒತ್ತಡಕ್ಕೆ ತಾನಾಗೇ ಹೊರಕ್ಕೆ ಬರುತ್ತೆ. ಪಕ್ಕಕ್ಕೆ ಕಣ್ಣು ಹಾಯಿಸಿದರೆ ಕಾಣುತ್ತೆ. ಆಮೇಲೆ ವಿಮಾನ ಗಡಗಡ ನಡುಗೋಕೆ ಶುರು. ಆ ನಡುಕ ಹತ್ತೋ ಅಂಚಿನಲ್ಲೇ ಸ್ಟಿಕ್ ಹಿಡಿದು ನಿಲ್ಲಿಸೋದಿದೆಯಲ್ಲ, ಪಾಕದ ಹದ ನೋಡಿದ ಹಾಗೆ. ಒಂದೆಳೆ ಬಂದಾಗ ಇಳಿಸಲಿಲ್ಲವೋ, ಮುಗೀತು. ನನ್ನ ಬೆರಳಿಗೆ ಅದು ತಿಳಿಯೋಕೆ ಮೂರು ತಿಂಗಳು ಹಿಡೀತು. ತಿಳಿದ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಗುಂಡು ಹೊಡೆಯೋದು ಆಮೇಲಿನ ಮಾತು. ಓಸ್ವಾಲ್ಡ್ ಬೋಲ್ಕೆ ಅಂತ ಜರ್ಮನ್ ಪೈಲಟ್, 1916ರಲ್ಲೇ ಕಾಳಗದ ನಿಯಮ ಬರೆದಿಟ್ಟು ಹೋದ. ಮೊದಲು ಅನುಕೂಲದ ಜಾಗ ಹಿಡಿ, ಸೂರ್ಯ ಬೆನ್ನಿಗಿರಲಿ, ಹತ್ತಿರ ಹೋಗಿ ಹೊಡಿ ಅಂತ. ಅನುಕೂಲದ ಜಾಗ ಅಂದ್ರೆ ಎತ್ತರ, ಅದು ಕಣಜದಲ್ಲಿಟ್ಟ ಕಾಳು. ಮೂತಿ ಇಳಿಸಿದರೆ ಅದೇ ವೇಗದ ರೂಪದಲ್ಲಿ ಕೈಗೆ ಬರುತ್ತೆ. ಒಂದೇ ಸಮ ಸುತ್ತು ಹಾಕ್ತಾ ಹೋದರೆ ವೇಗವೂ ಖಾಲಿ, ಎತ್ತರವೂ ಖಾಲಿ. ನಿಮ್ಮ ಹುಡುಗ ಐದನೇ ನಿಮಿಷಕ್ಕೆ ಬೀಳೋದು ಹೀಗೇ ಇರಬೇಕು. ಗುರಿಯಲ್ಲಿ ತಪ್ಪು ಹುಡುಕ್ತಾ ಕೂತಿದ್ದಾನೆ, ಪಾಪ.

ಭಾನುವಾರ ಬೆಳಿಗ್ಗೆ ಕಳಿಸಿ. ನನ್ನ ಹಳೆ ರಡ್ಡರ್ ಪೆಡಲ್ ಅಟ್ಟದ ಮೇಲಿದೆ, ಒರೆಸಿ ಇಟ್ಟಿರ್ತೀನಿ. ಶತ್ರು ಒಬ್ಬನೂ ಇಲ್ಲದ ಆಕಾಶದಲ್ಲಿ ನಡುಕ ಹತ್ತೋ ತನಕ ತಿರುಗಿಸಿ, ಸಡಿಲಿಸಿ, ಮತ್ತೆ ತಿರುಗಿಸಲಿ. ಮಧ್ಯಾಹ್ನದ ಊಟ ನಮ್ಮಲ್ಲೇ ಆಗುತ್ತೆ.