ಐದು ನಿಮಿಷದ ಆರೋಗ್ಯ

ಕೇಂದ್ರ ಆಯುಷ್ ಸಚಿವಾಲಯವು 2021ರಲ್ಲಿ ಆಪ್ ರೂಪದಲ್ಲಿ ಬಿಡುಗಡೆ ಮಾಡಿದ ‘ವೈ-ಬ್ರೇಕ್’, ಅಂದರೆ ಕೆಲಸದ ನಡುವಿನ ಐದು ನಿಮಿಷದ ಯೋಗ, ಶೆಟ್ಟಿಕೆರೆಯ ತೆಂಗಿನ ತೋಟಕ್ಕೂ ಬಂದಿತೆಂದು ಭಾವಿಸಿದರೆ, ಜೀಪಿನಿಂದ ಏದುಸಿರು ಬಿಡುತ್ತ ಇಳಿದ ಅಧಿಕಾರಿಗೂ ಕಾಯಿ ಸುಲಿಯುವವನಿಗೂ ಇಂಥ ಸಂವಾದ ನಡೆದೀತು (ಸೊಂಟದ ಸುತ್ತಳತೆಯೂ ಕಾಯಿಲೆಯ ಅಪಾಯದ ಸೂಚಕವೆಂಬುದು ಅಧಿಕಾರಿಯ ಬೆಲ್ಟಿಗೆ ಮೊದಲೇ ತಿಳಿದಿತ್ತು).

“ನೋಡಪ್ಪ, ಸಕ್ಕರೆ ಕಾಯಿಲೆಯಂಥ ಅಸಾಂಕ್ರಾಮಿಕ, ಎಂದರೆ ಒಬ್ಬರಿಂದೊಬ್ಬರಿಗೆ ಅಂಟದ, ರೋಗಗಳನ್ನು ದೂರವಿಡಲು ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.”

“ಅದು ಸೋಮವಾರ ಮಧ್ಯಾಹ್ನದೊಳಗೇ ಮುಗಿಯುತ್ತದೆ ಸ್ವಾಮಿ, ಮಿಕ್ಕದ್ದನ್ನು ಯಾರ ಲೆಕ್ಕಕ್ಕೆ ಬರೆಯಲಿ?”

“ಐದು ನಿಮಿಷ ಕೆಲಸ ನಿಲ್ಲಿಸಿ ಕೈ ಮೇಲೆತ್ತಬೇಕು.”

“ಕೂಲಿ ಕಾಯಿ ಲೆಕ್ಕದ್ದು ಸ್ವಾಮಿ. ಅದಿರಲಿ, ಬಿಪಿ ನೋಡುವ ಯಂತ್ರ ತಂದಿದ್ದೀರಾ?”

“ಅದು ಮುಂದಿನ ಹಂತದಲ್ಲಿ ಬರುತ್ತದೆ, ಈಗ ಫೋಟೊಗೆ ಕೈ ಎತ್ತು.”