ನಗರಾರಣ್ಯ ಚಾರಣಿಗನ ಲಕ್ಷಣ ವಿಚಾರ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಬನಶಂಕರಿ ಆರನೆಯ ಹಂತದ ಬಡಾವಣೆಗಳಿಗೂ ಕನಕಪುರ ರಸ್ತೆಗೂ ನಡುವೆ, ಸುಮಾರು 590 ಎಕರೆಗಳಷ್ಟು ಉಳಿದುಕೊಂಡಿರುವ ತುರಹಳ್ಳಿಯ ಕಾಡು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕುರುಚಲು ಕಾಡು. ಎಂದರೆ ಮಣ್ಣು ತೆಳುವಾದ ಕಲ್ಲುನೆಲದಲ್ಲಿ ಗಿಡ್ಡ ಮರಗಳೂ ಮುಳ್ಳುಪೊದೆಗಳೂ ಹುಲ್ಲೂ ಬೆರೆತು ಬೆಳೆದ ಒಣನಾಡಿನ ಕಾಡು. ಮನುಷ್ಯರು ನೆಟ್ಟ ನೀಲಗಿರಿಯೂ ಯಾರೂ ಬೇಡದೆ ಹಬ್ಬಿದ ಲಂಟಾನವೂ ಅದರೊಳಗೆ ಸೇರಿಹೋಗಿವೆ. ಇಲ್ಲಿನ ನವಿಲು, ಮೊಲ, ಉಡಗಳನ್ನು ಗುರುತಿಸಿ ಬರೆದಿಟ್ಟವರಿದ್ದಾರೆ. ಆದರೆ ವಾರಾಂತ್ಯದ ಬೆಳಗಿನ ಹೊತ್ತು ನವಿಲಿಗಿಂತ ಹೇರಳವಾಗಿ, ನವಿಲಿಗಿಂತ ಹೆಚ್ಚು ಬಣ್ಣಗಳಲ್ಲಿ ಕಾಣಸಿಗುವ ಇನ್ನೊಂದು ಜೀವಿಯು, ಅಂದರೆ ನಗರಾರಣ್ಯ ಚಾರಣಿಗನು, ವಿದ್ವಾಂಸರ ಗಮನವನ್ನು ತಕ್ಕಷ್ಟು ಸೆಳೆದಂತೆ ತೋರುವುದಿಲ್ಲ.

ಊರ ನಡುವೆ ಅಥವಾ ಊರಂಚಿನಲ್ಲಿ ಉಳಿದ ಕಾಡಿನಲ್ಲಿ, ಮನೆಗೆ ತಿಂಡಿಯ ಹೊತ್ತಿಗೆ ಮರಳಬಹುದಾದಷ್ಟು ದೂರವನ್ನು, ಮನೆಗೆ ಮರಳುವ ಖಾತರಿಯೇ ಇಲ್ಲದವನ ಸಿದ್ಧತೆಯೊಡನೆ ನಡೆಯುವವನೇ ನಗರಾರಣ್ಯ ಚಾರಣಿಗ. ಹೆಂಗಸರಲ್ಲಿಯೂ ಈ ಪ್ರಭೇದವುಂಟಾದರೂ, ರೋಗ ಪೂರ್ಣವಾಗಿ ಬಲಿತ ಉದಾಹರಣೆಗಳು ನಲವತ್ತು ದಾಟಿದ ಗಂಡಸರಲ್ಲಿಯೇ ಹೆಚ್ಚು. ಇಂಥ ಕಾಡುಗಳ ಕಾಲುದಾರಿಗಳು ಬಹುಮಟ್ಟಿಗೆ ದನ ಮೇಕೆಗಳ ಕಾಲಿನಿಂದಲೂ ಸೌದೆ ಹೊತ್ತವರ ಕಾಲಿನಿಂದಲೂ ಸವೆದು ಆದವುಗಳಾದುದರಿಂದ, ಮತ್ತು ತಲೆಯ ಮೇಲೆ ಹೊರೆಯಿಟ್ಟುಕೊಂಡವರು ಕಡಿದಾದ ದಾರಿಯನ್ನು ಬೇಕೆಂದು ಆರಿಸಿಕೊಳ್ಳುವುದಿಲ್ಲವಾದುದರಿಂದ, ಅವು ಸ್ವಭಾವತಃ ಸುಲಭವಾಗಿರುತ್ತವೆ. ಈ ಸೌಲಭ್ಯವೇ ಚಾರಣಿಗನ ದುಃಖದ ಮೂಲ. ದಾರಿಯಲ್ಲಿಲ್ಲದ ಕಷ್ಟವನ್ನು ಅವನು ಮನೆಯಿಂದಲೇ ಬೆನ್ನಮೇಲೆ ಹೊತ್ತು ತರಬೇಕಾಗುತ್ತದೆ.

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಭಾಗಿಸಿದೆ. ಮೊದಲನೆಯದು ಮೈಯಿಂದ, ಎರಡನೆಯದು ಮಾತಿನಿಂದ, ಮೂರನೆಯದು ವೇಷಭೂಷಣಗಳಿಂದ ಆಗುವಂಥದು, ಕೊನೆಯದು ಒಳಗಿನ ಭಾವದಿಂದ ತಾನಾಗಿ ಮೈಮೇಲೆ ತೋರುವಂಥದು. ಚಾರಣಿಗನಲ್ಲಿ ಪ್ರಧಾನವಾದುದು ಆಹಾರ್ಯವೇ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಕಣಕಾಲನ್ನು ಬಿಗಿಹಿಡಿಯುವ ಬೂಟು, ಮೊಣಕಾಲಿನ ಬಳಿ ಜಿಪ್ ಬಿಚ್ಚಿದರೆ ಚಡ್ಡಿಯಾಗುವ ಪ್ಯಾಂಟು, ಎದೆಗೂ ಸೊಂಟಕ್ಕೂ ಪಟ್ಟಿಗಳಿರುವ ಬೆನ್ನಚೀಲ, ಆ ಚೀಲದೊಳಗೊಂದು ನೀರಿನ ಚೀಲ, ಅದರಿಂದ ಬಾಯಿಯವರೆಗೆ ಹರಿದುಬರುವ ನಳಿಕೆ, ಸೂರ್ಯ ಹುಟ್ಟಿದ ಮೇಲೆಯೂ ಹಣೆಯಿಂದ ಇಳಿಯದ ಟಾರ್ಚು, ದಾರಿ ತಪ್ಪಿದಾಗ ಊದಬೇಕಾದ ಸೀಟಿ, ಇವೆಲ್ಲ ಸಾಮಾನ್ಯ ಲಕ್ಷಣಗಳು. ವಿಶೇಷ ಲಕ್ಷಣವೆಂದರೆ ಇಂಬಳದ ಕಾಲ್ಚೀಲ. ಇಂಬಳವು ನೆತ್ತರು ಹೀರುವ ನೆಲದ ಜಿಗಣೆ. ಅದಕ್ಕೆ ಆಗುಂಬೆಯಂಥ ಕಡೆಯ ಮಳೆಗಾಲದ ಒದ್ದೆ ತರಗೆಲೆ ಬೇಕೇ ಹೊರತು ತುರಹಳ್ಳಿಯ ಕಾದ ಬಂಡೆಯಲ್ಲ. ಇಲ್ಲಿಯ ಬಿಸಿಲಿನಲ್ಲಿ ಒಂದು ಇಂಬಳ ಕಾಣಿಸಿಕೊಂಡರೆ ಕಾಪಾಡಬೇಕಾದುದು ಇಂಬಳವನ್ನು. ಆದರೂ ಮೊಣಕಾಲಿನವರೆಗೆ ಎಳೆದುಕೊಂಡ ಆ ದಪ್ಪ ಬಟ್ಟೆಯ ಕಾಲ್ಚೀಲವಿಲ್ಲದೆ ಕೆಲವರು ಕಾರಿನಿಂದ ಕೆಳಕ್ಕಿಳಿಯುವುದಿಲ್ಲ. ಇನ್ನು ಊರುಗೋಲಿನ ವಿಷಯ. ಮೊಣಕಾಲು ನೋಯುವ ತಾಯಿಗೆ ವೈದ್ಯರು ಕೋಲು ಹಿಡಿಯಲು ಹೇಳಿದಾಗ ಆಕೆ, ನೋಡಿದವರು ಏನೆಂದುಕೊಂಡಾರೆಂದು ಒಲ್ಲೆನೆನ್ನುವಳು. ಮಗನಾದರೋ ನೋಡಿದವರು ಏನಾದರೂ ಅಂದುಕೊಳ್ಳಲೆಂದೇ ಎರಡೆರಡು ಕೋಲುಗಳನ್ನು ಸಾವಿರಾರು ರೂಪಾಯಿ ತೆತ್ತು ತರುವನು.

ಈ ಸಂಭಾರದೊಡನೆ ಅವನು ಕಾಡಿಗೆ ಬಂದು ಸೇರುವ ಬಗೆಯೂ ವಿಚಾರಾರ್ಹವಾದುದು. ಕನಕಪುರ ರಸ್ತೆಯ ಮೇಲೆ 2021ರಿಂದ ಮೆಟ್ರೊ ಓಡುತ್ತಿದೆ. ವಾಜರಹಳ್ಳಿಯಲ್ಲಿಯೋ ತಲಘಟ್ಟಪುರದಲ್ಲಿಯೋ ಇಳಿದು ಕಾಡಿನವರೆಗೆ ನಡೆದೇ ಬರಬಹುದು. ಚಾರಣಿಗನು ಹಾಗೆ ಬರುವುದಿಲ್ಲ, ಏಕೆಂದರೆ ನಿಲ್ದಾಣದಿಂದ ಕಾಡಿಗೆ ನಡೆಯುವುದು ಬರಿಯ ನಡಿಗೆ, ಕಾಡಿನೊಳಗೆ ನಡೆಯುವುದು ಚಾರಣ. ಮೊದಲನೆಯದರಿಂದ ದಣಿದರೆ ಎರಡನೆಯದಕ್ಕೆ ಕುಂದು. ಆದುದರಿಂದ ಅವನು ಗುಡ್ಡಗಾಡಿಗಾಗಿಯೇ ತಯಾರಾದುದೆಂದು ಜಾಹೀರಾತಿನಲ್ಲಿ ಕಂಡ ಎತ್ತರದ ಕಾರಿನಲ್ಲಿ ಡಾಂಬರು ರಸ್ತೆಯ ಮೇಲೆಯೇ ಬಂದು, ಅದನ್ನು ನಿಲ್ಲಿಸಲು ಜಾಗವನ್ನು ಹುಡುಕುತ್ತ ಕಾಡಿನ ಅಂಚಿನ ಬಡಾವಣೆಗಳಲ್ಲಿ ಸುತ್ತುತ್ತಾನೆ. ಇಡೀ ಬೆಳಗಿನಲ್ಲಿ ನಿಜವಾಗಿ ದಾರಿ ತಪ್ಪುವ ಸಂಭವವಿರುವುದು ಇಲ್ಲಿ ಮಾತ್ರ.

ವಾಚಿಕದಲ್ಲಿ ಮುಖ್ಯವಾದುವು ಸಂಖ್ಯೆಗಳು. ಗುಡ್ಡದ ನೆತ್ತಿಯನ್ನು ಮುಟ್ಟಿದೊಡನೆ ಮಣಿಕಟ್ಟಿನ ಗಡಿಯಾರವು ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕಿದ ಎತ್ತರವನ್ನು ತೋರಿಸುತ್ತದೆ. ಅವನು ಅದನ್ನು ಗಟ್ಟಿಯಾಗಿ ಓದಿ, ಕುಮಾರಪರ್ವತ 1,712 ಮೀಟರ್ ಇರುವುದರಿಂದ ಅದರ ಅರ್ಧಕ್ಕಿಂತ ಹೆಚ್ಚು ಈಗಾಗಲೇ ಮುಗಿಯಿತೆಂದು ಜೊತೆಯವರಿಗೆ ಲೆಕ್ಕ ಹೇಳುತ್ತಾನೆ. ಲೆಕ್ಕವೇನೂ ತಪ್ಪಲ್ಲ. ಆ ಎತ್ತರದ ಬಹುಪಾಲನ್ನು ದಖ್ಖನ್ ಪ್ರಸ್ಥಭೂಮಿಯು, ಅವನು ಪದ್ಮನಾಭನಗರದ ಮನೆಯಲ್ಲಿ ಹೊದ್ದು ಮಲಗಿದ್ದಾಗಲೇ, ಯಾವ ಶ್ರಮವನ್ನೂ ಕೊಡದೆ ಏರಿಸಿಕೊಟ್ಟಿತ್ತೆಂಬುದಷ್ಟೇ ಹೇಳದೆ ಉಳಿಯುತ್ತದೆ. ಎರಡನೆಯ ವಿಷಯ ಚಿರತೆ. ಬೆಂಗಳೂರಿನ ದಕ್ಷಿಣಕ್ಕೆ ಹಬ್ಬಿರುವ ಕಾಡುಗಳಿಂದ ಚಿರತೆ ಆಗೀಗ ಇತ್ತ ಸುಳಿಯುವುದು ನಿಜವಾದುದರಿಂದ, ದೂಳಿನಲ್ಲಿ ಕಂಡ ಪ್ರತಿಯೊಂದು ಹೆಜ್ಜೆಯೂ ಚಾರಣಿಗನಿಗೆ ಚಿರತೆಯದೇ. ಬೆಕ್ಕಿನ ಜಾತಿಯ ಪ್ರಾಣಿಗಳು ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಳ್ಳುವುದರಿಂದ ಅವುಗಳ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಮೂಡುವುದಿಲ್ಲ, ನಾಯಿಯದರಲ್ಲಿ ಮೂಡುತ್ತದೆ ಎಂಬುದನ್ನು ಅವನು ಎಲ್ಲಿಯೋ ಓದಿ ಬಲ್ಲ. ಉಗುರುಗಳ ಗುರುತು ಎದ್ದುಕಾಣುವ ಹೆಜ್ಜೆಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಆ ನಿಯಮವನ್ನು ಸವಿಸ್ತಾರವಾಗಿ ವಿವರಿಸಿ, ಈ ಚಿರತೆಗೆ ಏನೋ ಗಾಬರಿಯಾಗಿತ್ತೆಂದು ತೀರ್ಮಾನಿಸುತ್ತಾನೆ. ಬೀದಿನಾಯಿಗಳು ದೂರದಿಂದ ಇದನ್ನು ಕೇಳುತ್ತ ನಿಂತಿರುತ್ತವೆ.

ಆಂಗಿಕದ ಬಗ್ಗೆ ಹೇಳಬೇಕಾದುದು ಹೆಚ್ಚಿಲ್ಲ. ಅದೆಲ್ಲವೂ ಬಂಡೆಯ ಮೇಲೆ ಕೈಚಾಚಿ ನಿಲ್ಲುವ ಒಂದೇ ಭಂಗಿಯಲ್ಲಿ ಅಡಗಿದೆ. ಬೆಂಗಳೂರು ನಿಂತಿರುವುದು ನೈಸ್ ಎಂಬ, ಅಪಾರ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಪಟ್ಟೆಪಟ್ಟೆಯಾಗಿ ಮಾರ್ಪಟ್ಟ ಶಿಲೆಯ ಮೇಲೆ. ಲಾಲ್‌ಬಾಗಿನಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಅದೇ ಬಗೆಯ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಇಷ್ಟು ಕಾಲ ಕಾದ ಬಂಡೆ ಇನ್ನು ಕಾಲುಗಂಟೆ ಕಾಯುವುದರಲ್ಲಿ ಹಾನಿಯಿಲ್ಲ, ಏಕೆಂದರೆ ಮೂರು ದಿಕ್ಕುಗಳಲ್ಲಿ ಬಹುಮಹಡಿಯ ಕಟ್ಟಡಗಳಿದ್ದು, ಅವು ಒಂದೂ ಬೀಳದಂಥ ಚಿತ್ರ ಸಿಕ್ಕಬೇಕಾದರೆ ಚಿತ್ರ ತೆಗೆಯುವವನು ಬಹಳ ಹೊತ್ತು ನೆಲದ ಮೇಲೆ ಮಲಗಬೇಕಾಗುತ್ತದೆ.

ಸಾತ್ತ್ವಿಕ ಭಾವಗಳು ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಎಂಟು. ಇವುಗಳನ್ನು ಬರಿಸುವುದು ನಟನಿಗೂ ಕಷ್ಟವೆಂದು ಬಲ್ಲವರು ಹೇಳುವರು. ಚಾರಣಿಗನಲ್ಲಿ ಸ್ವೇದ, ಅಂದರೆ ಬೆವರು, ಬೆನ್ನಚೀಲದ ಭಾರದಿಂದಲೇ ಧಾರಾಳವಾಗಿ ಬರುತ್ತದೆ. ಸ್ತಂಭವೆಂಬುದು ಮೈ ಮರಗಟ್ಟಿ ನಿಲ್ಲುವ ಸ್ಥಿತಿ. ಇದು ಅವನಿಗೆ ಒದಗುವುದು ಏರಿನ ನಡುವೆ, ಮಂಕಿ ಟೋಪಿ ಹಾಕಿ, ಹವಾಯಿ ಚಪ್ಪಲಿ ಮೆಟ್ಟಿ, ಕೈಬೀಸಿಕೊಂಡು ಬರುವ ಎಪ್ಪತ್ತರ ಹಿರಿಯರೊಬ್ಬರು ಅವನನ್ನು ದಾಟಿ ಮೇಲೇರಿ, ಸ್ವಲ್ಪ ಹೊತ್ತಿಗೆ ಇಳಿದು ಎದುರು ಬಂದು, “ಎಲ್ಲಿಗೆ ಸ್ವಾಮಿ, ಹಿಮಾಲಯಕ್ಕೋ?” ಎಂದು ನಿಷ್ಕಪಟವಾಗಿ ವಿಚಾರಿಸುವಾಗ. ಅವರಿಗೆ ಕೊಡುವ ಉತ್ತರದಲ್ಲಿ ಸ್ವರಭೇದವೂ ಸೇರುತ್ತದೆ.

ಮೈಸೂರಿನ ಚಾಮುಂಡಿಬೆಟ್ಟಕ್ಕೆ 17ನೆಯ ಶತಮಾನದಲ್ಲಿ, ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದುವೆನ್ನಲಾದ ಮೆಟ್ಟಿಲುಗಳು ಸುಮಾರು ಒಂದು ಸಾವಿರ. ಅಲ್ಲಿಯೂ ಕಾಡಿದೆ, ಅದೂ ನಗರಕ್ಕೆ ಅಂಟಿಕೊಂಡಿದೆ, ಮತ್ತು ಏರು ತುರಹಳ್ಳಿಯದಕ್ಕಿಂತ ಎಷ್ಟೋ ಕಠಿಣವಾದುದು. ಹರಕೆ ಹೊತ್ತ ಹೆಂಗಸರು ಅಲ್ಲಿ ಬರಿಗಾಲಿನಲ್ಲಿ, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ, ಅಂದರೆ ಒಂದು ಬೆಟ್ಟದ ಜೊತೆಗೆ ಸಾವಿರ ಬಸ್ಕಿಗಳನ್ನೂ ಸೇರಿಸಿಕೊಂಡು ಹತ್ತುತ್ತಾರೆ. ಅವರನ್ನು ಯಾರೂ ಚಾರಣಿಗರ ಪಟ್ಟಿಗೆ ಸೇರಿಸಿಲ್ಲ. ಹೆಡ್‌ಲ್ಯಾಂಪ್ ಇಲ್ಲದಿರುವುದು ಕಾರಣವಿರಬಹುದು.

ಹೀಗಿದ್ದರೂ ಈ ಜೀವಿಯನ್ನು ಬರಿಯ ನಗೆಗೆ ಒಪ್ಪಿಸಿಬಿಡುವುದು ಅನ್ಯಾಯವಾದೀತು. 2021ರ ಆರಂಭದಲ್ಲಿ ತುರಹಳ್ಳಿಯ ಒಂದು ಭಾಗವನ್ನು ಟ್ರೀ ಪಾರ್ಕ್ ಮಾಡುವ, ಅಂದರೆ ಕಾಡನ್ನು ಉದ್ಯಾನದ ಮಾದರಿಯಲ್ಲಿ ತಿದ್ದಿ ಸಂದರ್ಶಕರಿಗೆ ಅಣಿಗೊಳಿಸುವ ಯೋಜನೆ ಬಂದಾಗ, ಭಿತ್ತಿಫಲಕ ಹಿಡಿದು ನಿಂತವರಲ್ಲಿ ಇಂಥವರೂ ಇದ್ದರು. ವಿರೋಧ ಬಲವಾದುದರಿಂದ ಸರಕಾರ ಯೋಜನೆಯನ್ನು ಕೈಬಿಟ್ಟಿತು. ಕಾಡಿನ ಮೇಲಿನ ಪ್ರೀತಿಯೇ ಆ ವಿರೋಧಕ್ಕೆ ಪ್ರೇರಣೆಯೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಹಾಸುಗಲ್ಲಿನ ದಾರಿಯ ಮೇಲೆ, ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿರುವ ಬೆಂಚುಗಳ ಮುಂದೆ, ಎರಡು ಊರುಗೋಲುಗಳನ್ನು ಊರಿಕೊಂಡು ಹೋಗಬೇಕಾಗಿ ಬರುವ ದೃಶ್ಯವೂ ಅವರ ಕಣ್ಣಮುಂದೆ ಹಾದಿರಬಹುದೆಂದು ಮಾತ್ರ ಸೇರಿಸಬಹುದು.

ಚಾರಣದ ಫಲಶ್ರುತಿ ನಡೆಯುವುದು ದರ್ಶಿನಿಯಲ್ಲಿ, ಅಂದರೆ ನಿಂತುಕೊಂಡೇ ತಿನ್ನುವ ಬೆಂಗಳೂರಿನ ಉಪಾಹಾರ ಗೃಹದಲ್ಲಿ. ಟೋಕನ್ನಿಗಾಗಿ ನಿಲ್ಲುವ ಸಾಲು ಗುಡ್ಡದ ದಾರಿಗಿಂತ ಹೆಚ್ಚಿನ ಸಹನೆಯನ್ನು ಬೇಡುತ್ತದೆ. ಅಲ್ಲಿ ಇಡ್ಲಿ ವಡೆ, ಅದರ ಮೇಲೊಂದು ಬೆಣ್ಣೆ ಮಸಾಲೆ, ಅದರ ಮೇಲೊಂದು ಕಾಫಿ ಸೇರಿದಾಗ, ಕಾಡಿನಲ್ಲಿ ಕಳೆದುಕೊಂಡುದೆಲ್ಲವೂ ಬಡ್ಡಿ ಸಮೇತ ಮರಳಿ ಬರುತ್ತದೆ. ಈ ಸಂತೃಪ್ತಿಯ ನಡುವೆ, ನಡಿಗೆಯ ದೂರ ಮತ್ತು ವೇಗಗಳನ್ನು ಅಳೆದು ಬಳಗಕ್ಕೆ ತಾನಾಗಿಯೇ ಕಳುಹಿಸುವ ಮೊಬೈಲಿನ ಆ್ಯಪನ್ನು ನಿಲ್ಲಿಸುವುದು ಮರೆತುಹೋಗುತ್ತದೆ. ಅದು ಕಾರಿನೊಳಗೂ ಅಳೆಯುತ್ತ ಹೋಗಿ, ಮನೆಯ ಗೇಟಿನ ಮುಂದೆ ಅವನು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಓಡಿದನೆಂದು ಬಳಗಕ್ಕೆ ವರದಿ ಮಾಡುತ್ತದೆ. ಬಳಗದ ಹದಿನೈದು ಮಂದಿ ವೇಗವನ್ನು ನೋಡದೆಯೇ ಕೈಮುಗಿದ ಚಿತ್ರಗಳನ್ನು ಕಳುಹಿಸುತ್ತಾರೆ, ಒಬ್ಬನು ಮಾತ್ರ ಇಷ್ಟು ಸಾಧಿಸಲು ಯಾವ ಬೂಟು ಬೇಕೆಂದು ಕೇಳುತ್ತಾನೆ, ಮತ್ತು ಚಾರಣಿಗನು ಬೂಟಿನ ಹೆಸರನ್ನೂ ಬೆಲೆಯನ್ನೂ ಬರೆದು ಕಳುಹಿಸುತ್ತಾನೆ.